ಸೈಲೆನ್ಸರ್ ಬದಲಿಸಿದ ಮೇಲೆ ಪಟಪಟ ಸದ್ದು: ಜೆಟ್‌ಗೆ ಕೈ ಹಾಕಬೇಡಿ, ಮೊದಲು ಜಾಯಿಂಟ್ ನೋಡಿ

ಕಾರ್ಬ್ಯುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಇರುವ ಗಾಡಿಗೆ ಬೇರೆ ಸೈಲೆನ್ಸರ್ ಹಾಕಿಸಿದ ಮೇಲೆ ಜೋಗಿಮಟ್ಟಿ ಬೆಟ್ಟ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಪಟಪಟ ಸಿಡಿಯುತ್ತದೆ, ಮೇನ್ ಜೆಟ್ (ಆಕ್ಸಿಲರೇಟರ್ ಜಾಸ್ತಿ ಕೊಟ್ಟಾಗ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ) ದೊಡ್ಡದು ಹಾಕಿಸಲಾ ಅಂತ ಕೇಳಿದ್ದೀರಿ. ಬೇಡ. ಆಕ್ಸಿಲರೇಟರ್ ಪೂರ್ತಿ ಬಿಟ್ಟಾಗ ಮೇನ್ ಜೆಟ್‌ಗೆ ಕೆಲಸವೇ ಇಲ್ಲ. ಸುಮ್ನೆ ದುಡ್ಡು ದಂಡ.

ಇಂಜಿನ್‌ನಲ್ಲಿ ಉರಿಯದೆ ಉಳಿದ ಪೆಟ್ರೋಲ್ ಬಿಸಿ ಪೈಪಿಗೆ ಬಂದು, ಅಲ್ಲಿ ಹೊರಗಿನ ಗಾಳಿ ಸಿಕ್ಕಾಗ ಸಿಡಿಯುತ್ತದೆ. ಆ ಗಾಳಿ ಹೆಚ್ಚಾಗಿ ನುಗ್ಗುವುದು ಬೆಂಡ್ ಪೈಪ್ ಇಂಜಿನ್‌ಗೆ ಕೂರುವ ಜಾಗದಲ್ಲಿ. ಬೆಳಿಗ್ಗೆ ತಣ್ಣಗಿರುವಾಗಲೇ ಗಾಡಿ ಸ್ಟಾರ್ಟ್ ಮಾಡಿ, ಆ ಜಾಯಿಂಟ್‌ಗೆ ಸೋಪು ನೀರು ಹಚ್ಚಿ. ಗುಳ್ಳೆ ಎದ್ದರೆ ಲೀಕ್ ಇದೆ ಅಂತಲೇ ಅರ್ಥ. ಜಾಯಿಂಟ್ ಮಧ್ಯೆ ಲೀಕ್ ಆಗದಂತೆ ಕೂರುವ ಹಳೇ ಗ್ಯಾಸ್ಕೆಟ್ಟನ್ನೇ ಮತ್ತೆ ಹಾಕಿದ್ದಾರಾ ಕೇಳಿ. ಅದು ಒಮ್ಮೆ ಅಮುಕಿಕೊಂಡರೆ ಮತ್ತೆ ಸರಿಯಾಗಿ ಕೂರುವುದಿಲ್ಲ. ಹೊಸದು ಹಾಕಿಸಿ. ನಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿಸಿ, ಜಾಸ್ತಿ ಬಿಗಿದರೆ ನಟ್ ಕೂರುವ ಸ್ಟಡ್ ಮುರಿಯುತ್ತದೆ.

ಲೀಕ್ ಇಲ್ಲ ಅಂದರೆ ಮಾತ್ರ ಪೆಟ್ರೋಲ್-ಗಾಳಿ ಪ್ರಮಾಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂ ಮುಟ್ಟಿ. ಇಂಜಿನ್ ಬಿಸಿ ಇರಲಿ, ಪೆಟ್ರೋಲ್ ಹೆಚ್ಚುವ ಕಡೆಗೆ ಒಂದು ಸಲಕ್ಕೆ ಕಾಲು ಸುತ್ತು ಸಾಕು. ಸ್ಕ್ರೂ ಕಾರ್ಬ್ಯುರೇಟರ್‌ನ ಇಂಜಿನ್ ಕಡೆ ಇದ್ದರೆ ಸಾಮಾನ್ಯವಾಗಿ ಹೊರಗೆ ತಿರುಗಿಸಿದಾಗ ಪೆಟ್ರೋಲ್ ಹೆಚ್ಚುತ್ತದೆ, ಏರ್ ಫಿಲ್ಟರ್ ಕಡೆ ಇದ್ದರೆ ಒಳಗೆ ತಿರುಗಿಸಿದಾಗ. ಇದನ್ನು ಮೆಕ್ಯಾನಿಕ್ ಹತ್ತಿರ ನಿಂತು ನೋಡಿ.

ಇಷ್ಟಾದ ಮೇಲೂ ಇಳಿಜಾರಿನಲ್ಲಿ ಸಣ್ಣಗೆ ಸದ್ದು ಬಂದರೆ ಭಯ ಬೇಡ, ಇಂಜಿನ್‌ಗೆ ಏನೂ ಆಗುವುದಿಲ್ಲ. ಆದರೆ ಸೈಲೆನ್ಸರ್ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ತೆಗೆಸಿದ್ದರೆ ದಯವಿಟ್ಟು ವಾಪಸ್ ಹಾಕಿಸಿ. ಅದಿಲ್ಲದೆ ಸಣ್ಣ ಸಿಡಿತವೂ ಬೀದಿಗೆಲ್ಲಾ ಕೇಳಿಸುತ್ತದೆ, ಪೊಲೀಸರು ದಂಡವನ್ನೂ ಹಾಕುತ್ತಾರೆ.