80 ಮುಟ್ಟಿದರೆ ಸ್ಟಿಯರಿಂಗ್ ನಡುಗುವುದೇಕೆ?

ಚಿಕ್ಕಮಗಳೂರಿನ ತೋಟದ ದಾರಿಯಲ್ಲಿ ಸುಮ್ಮನಿರುವ ಕಾರು, ಹಾಸನ ದಾಟಿ ಬೆಂಗಳೂರು ಹೆದ್ದಾರಿಯಲ್ಲಿ 80 ಕಿ.ಮೀ. ವೇಗ ಮುಟ್ಟಿದೊಡನೆ ಸ್ಟಿಯರಿಂಗ್ ನಡುಗಿಸುತ್ತದೆ ಎಂದಿದ್ದೀರಿ. ಎಂಜಿನ್ ಬಿಚ್ಚಿಸುವ ಮಾತು ಆಮೇಲೆ. ಮೊದಲು ಮುಂದಿನ ಚಕ್ರಗಳ ರಿಮ್ಮಿನ ಒಳಬದಿಗೆ ಟಾರ್ಚ್ ಹಾಕಿ ನೋಡಿ. ಮಳೆಗಾಲದಲ್ಲಿ ತೋಟದ ಕೆಸರು ಅಲ್ಲಿ ಒಂದೇ ಕಡೆ ಅಂಟಿ, ಒಣಗಿ ಗಟ್ಟಿಯಾಗಿರುತ್ತದೆ. ಹತ್ತಿಪ್ಪತ್ತು ಗ್ರಾಂ ಸಾಕು, ಚಕ್ರದ ಸಮತೋಲ ತಪ್ಪಲು. ನೀರು ಹೊಡೆದು ಕೆರೆದು ತೆಗೆಯಿರಿ. ನಡುಕ ನಿಲ್ಲದಿದ್ದರೆ ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ. ಅಂಗಡಿಯವರು ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಒಂದನ್ನೇ ಮಾಡಿ ಕಳುಹಿಸಿದರೆ ಒಪ್ಪಬೇಡಿ. ಅದು ಕೆಟ್ಟರೆ ಗಾಡಿ ಸಾಮಾನ್ಯವಾಗಿ ಒಂದು ಬದಿಗೆ ಎಳೆಯುತ್ತದೆ, ಹೀಗೆ ನಡುಗುವುದಿಲ್ಲ. ಈಚೆಗೆ ಟೈರ್ ಬಿಚ್ಚಿದ್ದರೆ ನಟ್ಟುಗಳ ಬಿಗಿಯನ್ನೂ ನೋಡಿ.

ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಸಂಶಯ ಚಕ್ರದೊಡನೆ ತಿರುಗುವ ಬ್ರೇಕ್ ತಟ್ಟೆ, ಅಂದರೆ ಡಿಸ್ಕ್ ಮೇಲೆ. ಮುಳ್ಳಯ್ಯನಗಿರಿಯಿಂದ ಬ್ರೇಕ್ ಒತ್ತಿಕೊಂಡೇ ಇಳಿಯುವವರಿಗೆ ಇದು ಬೇಗ ಬರುತ್ತದೆ. ಎರಡನೇ ಗೇರಿನಲ್ಲಿ ಇಳಿಯಿರಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೊರಟಾಗ ಟಕ್ ಟಕ್ ಸದ್ದು ಬಂದರೆ ಸಂಶಯ ಡ್ರೈವ್ ಶಾಫ್ಟಿನ (ಚಕ್ರ ತಿರುಗಿಸುವ ದಂಡದ) ಜಾಯಿಂಟ್ ಮೇಲೆ. ವೇಗದೊಂದಿಗೆ ಏರುವ ಗುಂಯ್ ಸದ್ದು ಬಲ ತಿರುವಿನಲ್ಲಿ ಜೋರಾದರೆ ಹೆಚ್ಚಾಗಿ ಎಡ ಚಕ್ರದ ಬೇರಿಂಗ್ ಸವೆದಿರುತ್ತದೆ. ಅದಕ್ಕೆ ಮಾತ್ರ ಮುಂದಿನ ಸರ್ವಿಸ್‌ವರೆಗೆ ಕಾಯಬೇಡಿ.