ವಿದೇಶದಲ್ಲಿ ಒಂದು ಸೆಮಿಸ್ಟರ್ ಓದುತ್ತಿರುವಾಗ, ಮೂಲ ವಿಶ್ವವಿದ್ಯಾಲಯದ ಮುಂದಿನ ತರಗತಿಗಳಿಗೆ ನೋಂದಣಿ ಮಾಡಿಕೊಳ್ಳುವುದು ಹೇಗೆ?

ಸಾಮಾನ್ಯವಾಗಿ ಅಲ್ಲಿಂದಲೇ, ಮೂಲ ವಿಶ್ವವಿದ್ಯಾಲಯದ ಅದೇ ಆನ್‌ಲೈನ್ ಪೋರ್ಟಲ್‌ನಲ್ಲಿ. ಕೈಕೊಡುವುದು ಹೆಚ್ಚಾಗಿ ಲಾಗಿನ್. ಒಟಿಪಿ ಹಳೆಯ ಸಿಮ್‌ಗೆ ಹೋಗುತ್ತದೆ, ಆ ಸಿಮ್ ಮನೆಯ ಡ್ರಾಯರ್‌ನಲ್ಲಿರುತ್ತದೆ! ಹೊರಡುವ ಮೊದಲೇ ಅಥೆಂಟಿಕೇಟರ್ ಆ್ಯಪ್‌ಗೆ (ಸಿಮ್ ಇಲ್ಲದೆಯೇ ಫೋನ್‌ನಲ್ಲಿ ಲಾಗಿನ್ ಕೋಡ್ ಕೊಡುವ ಆ್ಯಪ್) ಬದಲಾಯಿಸಿ, ಅದೂ ಕೈಕೊಟ್ಟರೆ ಬಳಸುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ.

ಇನ್ನೊಂದು ತಲೆನೋವು ಗಡಿಯಾರ. ಪೋರ್ಟಲ್ ಕೊಡುವ ಸಮಯ ಸಾಮಾನ್ಯವಾಗಿ ವಿಶ್ವವಿದ್ಯಾಲಯ ಇರುವ ಊರಿನದು. ನ್ಯೂಯಾರ್ಕ್‌ನ ಬೆಳಿಗ್ಗೆ 7 ಎಂದರೆ ಪ್ಯಾರಿಸ್‌ನಲ್ಲಿ ಮಧ್ಯಾಹ್ನ 1. ಆದರೆ ಬೇಸಿಗೆಗಾಗಿ ಅಮೆರಿಕ ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು ಮಾರ್ಚ್‌ನ ಎರಡನೇ ಭಾನುವಾರ, ಯುರೋಪ್ ಕೊನೆಯ ಭಾನುವಾರ. ನಡುವಿನ ಎರಡು-ಮೂರು ವಾರ ಅದೇ 7 ಗಂಟೆ ಪ್ಯಾರಿಸ್‌ನಲ್ಲಿ 12ಕ್ಕೇ ಬಂದುಬಿಡುತ್ತದೆ. ಒಂದು ಗಂಟೆ ತಡವಾದರೆ ಬೇಡಿಕೆಯ ತರಗತಿಗಳು ಭರ್ತಿ. ಅಕ್ಟೋಬರ್‌ನ ಕೊನೆಯ ಭಾನುವಾರದಿಂದ ಒಂದು ವಾರವೂ ಇದೇ ಪಾಡು.

ನೋಂದಣಿಗೆ ಎರಡು ವಾರ ಮುಂಚೆ ಖಾತೆಯಲ್ಲಿ ನೋಂದಣಿಗೆ ತಡೆ ಇದೆಯೇ ನೋಡಿ: ಬಾಕಿ ಶುಲ್ಕ, ಸಿಗದ ಸಲಹೆಗಾರರ ಒಪ್ಪಿಗೆ, ಇಂಥವು. ಒಪ್ಪಿಗೆ ಇಮೇಲ್‌ನಲ್ಲೂ ಸಿಗುತ್ತದೆ, ಆದರೆ ಉತ್ತರಕ್ಕೆ ದಿನ ಹಿಡಿಯುತ್ತದೆ.

'ಪೂರ್ವಾರ್ಹತೆ ಇಲ್ಲ' (ಈ ತರಗತಿಗೆ ಮೊದಲೇ ಓದಿರಬೇಕಾದ ವಿಷಯ ಇಲ್ಲ) ಎಂದು ಬಂದರೆ ಗಾಬರಿ ಬೇಡ. ಹೆಚ್ಚಾಗಿ, ಈಗ ಓದುತ್ತಿರುವ ವಿಷಯದ ಅಂಕ ಇನ್ನೂ ದಾಖಲೆ ಸೇರಿಲ್ಲ, ಅಷ್ಟೇ. ಆ ವಿಷಯದ ಪಠ್ಯಕ್ರಮದ ಪ್ರತಿ ಲಗತ್ತಿಸಿ, ವಿದ್ಯಾರ್ಥಿ ಸಂಖ್ಯೆ ಮತ್ತು ಬೇಕಾದ ತರಗತಿಯ ಕೋಡ್ ಬರೆದು, ಆ ತರಗತಿ ನಡೆಸುವ ವಿಭಾಗಕ್ಕೆ ವಿಶೇಷ ಅನುಮತಿ ಕೇಳಿ. ಅನುಮತಿ ಸಿಕ್ಕರೆ ತಾನಾಗಿ ನೋಂದಣಿ ಆಗುತ್ತದೆ ಎಂದು ಸುಮ್ಮನಿರಬೇಡಿ; ಸಾಮಾನ್ಯವಾಗಿ ಪೋರ್ಟಲ್‌ಗೆ ಹೋಗಿ ಆ ತರಗತಿಯನ್ನು ನೀವೇ ಸೇರಿಸಬೇಕು.