ಕೃತಕ ಜೀವಕೋಶ ಅಮೀಬಾದ ಹಾಗೆ ತಾನಾಗಿ ನಡೆದೀತೇ?

ಪ್ರಯೋಗಾಲಯದಲ್ಲಿ ಕಟ್ಟಿದ ಜೀವಕೋಶ ನಡೆಯಬಲ್ಲದೇ, ನಡೆದರೆ ಅದಕ್ಕೆ ಜೀವ ಇದೆ ಅನ್ನಬಹುದೇ ಎಂದು ಕೇಳಿದ್ದೀರಿ. ನಾನು ಬದಿಯಡ್ಕ ಕಡೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುವವನು. ನಿಮ್ಮ ಎರಡನೇ ಪ್ರಶ್ನೆಯನ್ನು ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಮೊದಲೇ ಕೇಳಿಬಿಟ್ಟಿದ್ದಾನೆ. ಸ್ಟೀಲ್ ತಟ್ಟೆಯ ನೀರಿಗೆ ಕರ್ಪೂರದ ಚೂರು ಹಾಕಿದ್ದೆ. ಅದು ಗಿರ್ರನೆ ತಿರುಗಿ, ಅಂಚಿಗೆ ಬಡಿದು, ಮತ್ತೆ ಈಚೆ ಓಡಿತು. “ಸರ್, ಇದಕ್ಕೆ ಜೀವ ಉಂಟಾ?” ಎಂದ. ಬೆರಳು ಅದ್ದಿ ನೋಡು ಅಂದೆ. ತಲೆಯ ತೆಂಗಿನೆಣ್ಣೆ ಬೆರಳಲ್ಲಿತ್ತು, ಕರ್ಪೂರ ನಿಂತೇಬಿಟ್ಟಿತು. ಚೂರಿನ ಸುತ್ತ ನೀರಿನ ಮೇಲ್ಮೈ ಸೆಳೆತ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಇದ್ದರಷ್ಟೇ ಅದರ ಓಟ. ಎಣ್ಣೆ ಹರಡಿದರೆ ಆ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಬರೀ ಓಡಾಟ ನೋಡಿ ಜೀವ ಅನ್ನುವ ಹಾಗಿಲ್ಲ.

ತೆವಳುವ ಜೀವಕೋಶದ ಕಥೆ ಬೇರೆ. ನಮ್ಮ ಬಿಳಿ ರಕ್ತಕಣ ಒಳಗಿನಿಂದಲೇ ತನ್ನ ಪೊರೆಯನ್ನು ಮುಂದಕ್ಕೆ ತಳ್ಳುತ್ತದೆ. ತಳ್ಳುವುದು ಆಕ್ಟಿನ್ ಎಂಬ ಪ್ರೋಟೀನಿನ ಎಳೆ, ದಪ್ಪ ಸುಮಾರು 7 ನ್ಯಾನೊಮೀಟರ್. ಅಡಿಕೆ ಕೊಯ್ಯುವ ದೋಟಿಗೆ ತುಂಡು ಸೇರಿಸಿ ಉದ್ದ ಮಾಡಿದಂತೆ ಇದೂ ಬೆಳೆಯುತ್ತದೆ. ಆದರೆ ದೋಟಿಗೆ ತುಂಡು ಸೇರುವುದು ಬುಡದಲ್ಲಿ, ಇಲ್ಲಿ ಪೊರೆಗೆ ಒತ್ತಿದ ತುದಿಯಲ್ಲೇ. ಜಾಗವೇ ಇಲ್ಲದಲ್ಲಿ ಹೇಗೆ ಸೇರುತ್ತದೆ? ಶಾಖದಿಂದ ಪೊರೆಯೂ ಎಳೆಯೂ ಸದಾ ನಡುಗುತ್ತಿರುತ್ತವೆ. ಕ್ಷಣಮಾತ್ರ ಸಂದು ಬಿಟ್ಟಾಗ ಹೊಸ ತುಂಡು ನುಸುಳುತ್ತದೆ. ಮತ್ತೆ ಪೊರೆಗೆ ಹಿಂದೆ ಬರಲು ಜಾಗವಿಲ್ಲ. ನನಗಂತೂ ಇಡೀ ವಿಷಯದಲ್ಲಿ ಇದಕ್ಕಿಂತ ಚೆಂದದ್ದು ಕಂಡಿಲ್ಲ.

ಈ ತಳ್ಳಾಟವನ್ನು ಜೀವಕೋಶದ ಹೊರಗೂ ತೋರಿಸಿದ್ದಾರೆ. 1999ರಲ್ಲಿ ಫ್ರಾನ್ಸಿನ ಸಂಶೋಧಕರು ಶುದ್ಧೀಕರಿಸಿದ ಕೆಲವೇ ಪ್ರೋಟೀನ್‌ಗಳನ್ನೂ ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣುವನ್ನೂ ಬೆರೆಸಿದ ದ್ರವದಲ್ಲಿ ಲಿಸ್ಟೀರಿಯಾ ಬ್ಯಾಕ್ಟೀರಿಯಾವನ್ನು ಓಡಿಸಿದರು. ಅದನ್ನು ತಳ್ಳಿದ್ದು ಹಿಂದೆ ಧೂಮಕೇತುವಿನಂತೆ ಬೆಳೆದ ಆಕ್ಟಿನ್ನಿನ ಬಾಲ. ಲಿಪಿಡ್ ಎಂಬ ಕೊಬ್ಬಿನಂಥ ವಸ್ತುವಿನ ಪೊರೆಯಿಂದಾದ ಗುಳ್ಳೆಯೊಳಗೆ ಆಕ್ಟಿನ್ ಬೆಳೆಸಿ ಅದರ ಆಕಾರ ಬದಲಿಸುವುದೂ ಆಗಿದೆ.

ಈಜಿನ ಮಾತು ಬೇರೆ. ಅಮೆರಿಕದ ಕ್ರೇಗ್ ವೆಂಟರ್ ಸಂಸ್ಥೆ 2016ರಲ್ಲಿ ಪ್ರಕಟಿಸಿದ, 473 ಜೀನ್‌ಗಳಷ್ಟೇ ಇರುವ ಕನಿಷ್ಠ ಜೀವಕೋಶ ತಾನಾಗಿ ಅಲುಗದು. ಅದೇ ಸಾಲಿನ ಕೋಶಕ್ಕೆ ಜಪಾನಿನ ಒಸಾಕಾದವರು ಸ್ಪೈರೋಪ್ಲಾಸ್ಮಾ ಎಂಬ ಸುರುಳಿ ಆಕಾರದ ಬ್ಯಾಕ್ಟೀರಿಯಾದ 7 ಜೀನ್ ಸೇರಿಸಿದಾಗ ಅದು ತಿರುಚಿಕೊಂಡು ಈಜಿತು. 2022ರ ಸುದ್ದಿ ಇದು. ಆದರೆ ಆ ಕೋಶ ಸೊನ್ನೆಯಿಂದ ಕಟ್ಟಿದ್ದಲ್ಲ: ಜೀನೋಮ್, ಅಂದರೆ ಜೀನ್‌ಗಳ ಇಡೀ ಕಟ್ಟು, ಕೃತಕ, ಅದನ್ನು ಮೊದಲು ಸೇರಿಸಿದ್ದು ಬದುಕಿದ್ದ ಬ್ಯಾಕ್ಟೀರಿಯಾಕ್ಕೆ. ಪತ್ರಿಕೆಗಳ ತಲೆಬರಹದಲ್ಲಿ ಈ ಅರ್ಧ ಬಿಟ್ಟುಹೋಗುತ್ತದೆ.

ತೆವಳಿಸುವುದು ಇನ್ನೂ ಕಷ್ಟ. ತಳ್ಳಿದರಷ್ಟೇ ಸಾಲದು, ನೆಲ ಹಿಡಿಯಬೇಕು. ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳಕ್ಕೆ ನಾವು ಸೋಗೆ ಹಾಸುವುದು ಕಾಲಿಗೆ ಹಿಡಿತ ಸಿಗಲೆಂದೇ. ಗುಳ್ಳೆಗೂ ಮುಂದೆ ಹಿಡಿತ ಬೇಕು, ಹಿಂದೆ ಅದೇ ಹಿಡಿತ ಸಮಯಕ್ಕೆ ಸರಿಯಾಗಿ ಬಿಡಬೇಕು, ಹಿಂಭಾಗ ಕುಗ್ಗಿ ಮುಂದೆ ಬರಬೇಕು. ಅದಕ್ಕೂ ಮೊದಲು, ಉರುಟು ಗುಳ್ಳೆಗೆ ಯಾವುದು ಮುಂದೆ, ಯಾವುದು ಹಿಂದೆ ಎಂಬುದು ತೀರ್ಮಾನವಾಗಬೇಕು.